ಕಿಟಕಿಯ ಆಚೆಯ ದಫ್ತರ

ಸುರಪುರ ಸೀಮೆಯ ದೇವಾಪುರದಲ್ಲಿ ತುಂಡು ಹೊಲವುಳ್ಳ ರೈತನಿಗೂ ಪಹಣಿಯ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಾಲಕ್ಕೂ ಪಹಣಿ ಬೇಕು, ಅಣ್ಣತಮ್ಮಂದಿರ ಪಾಲಿಗೂ ಬೇಕು, ವ್ಯಾಜ್ಯಕ್ಕೆ ನಿಂತರಂತೂ ಬೇಕೇ ಬೇಕು. ಒಂದು ಕಾಲಕ್ಕೆ ಅದು ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರ ವಶದಲ್ಲಿ ಇರುತ್ತಿತ್ತು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯಲ್ಲಿ ಒಂದು ಕಿಟಕಿ ತೆರೆಯಿತು. ರೈತನು ಹೊರಗೆ ನಿಂತು ಸರ್ವೆ ನಂಬರು ಹೇಳಿದರೆ ಪ್ರತಿ ಕೈಗೆ ಬರುತ್ತಿತ್ತು. ಒಳಗಿನ ದಫ್ತರವನ್ನು ಮುಟ್ಟುವ ನೌಕರನೂ ಬೆರಳಚ್ಚು ಒತ್ತಿಯೇ ಯಂತ್ರದ ಮುಂದೆ ಕೂಡಬೇಕಾಗಿತ್ತು.

ಇಂಥದೇ ಒಂದು ಕಿಟಕಿ ಆ ಗಣಕಯಂತ್ರದ ಹೊಟ್ಟೆಯೊಳಗೂ ಉಂಟೆಂಬುದನ್ನು ಬಲ್ಲವರು ವಿರಳ. ಯಂತ್ರದ ಆಡಳಿತ ನಡೆಸುವ ತಿರುಳಿಗೆ ಕರ್ನೆಲ್ ಎಂದು ಹೆಸರು. ನೆನಪಿನ ಹಂಚಿಕೆ, ಕಡತಗಳ ಕಾವಲು ಎಲ್ಲವೂ ಅದರ ಅಧೀನ. ಪತ್ರ ಬರೆಯುವ, ಲೆಕ್ಕ ಹಾಕುವ, ಹಾಡು ಕೇಳಿಸುವ ಉಳಿದ ಪ್ರೋಗ್ರಾಮುಗಳು ಕಿಟಕಿಯ ಹೊರಗಿನವು. ಬೇಕಾದುದನ್ನು ಕೇಳಿ ಪಡೆಯಬೇಕೇ ಹೊರತು ಒಳಗೆ ಕೈಯಿಕ್ಕುವಂತಿಲ್ಲ. 1985ರಲ್ಲಿ ಬಂದ ಇಂಟೆಲ್ 80386 ಪ್ರೊಸೆಸರು ನೆನಪಿನ ಪ್ರತಿಯೊಂದು ಪುಟಕ್ಕೂ ಇದು ಹೊರಗಿನವರದು, ಇದು ಕರ್ನೆಲ್ಲಿನದು ಎಂಬ ಗುರುತನ್ನಿಟ್ಟಿತು. ಗುರುತು ಮೀರಿದ ಪ್ರೋಗ್ರಾಮನ್ನು ಅಲ್ಲಿಯೇ ತಡೆಯುವುದು ಪ್ರೊಸೆಸರಿನ ಕೆಲಸ.

ಗುರುತನ್ನು ನಂಬಿ ಯಂತ್ರಜ್ಞರು ಕರ್ನೆಲ್ಲಿನ ದಫ್ತರವನ್ನು ಪ್ರತಿಯೊಂದು ಪ್ರೋಗ್ರಾಮಿನ ಬೆನ್ನಿಗೇ ಇರಿಸಿದರು. ಹತ್ತಿರವಿದ್ದರೆ ಓಡಾಟ ಉಳಿಯಿತಲ್ಲ! ಹಲವು ವರ್ಷ ಯಾರಿಗೂ ಇದರಲ್ಲಿ ದೋಷ ಕಾಣಲಿಲ್ಲ.

2018ರ ಜನವರಿ 3ರಂದು ದೋಷ ಬಯಲಾಯಿತು. ಗೂಗಲ್ಲಿನ ಯಾನ್ ಹಾರ್ನ್, ಆಸ್ಟ್ರಿಯದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು, ಜರ್ಮನಿಯ ಸೈಬರಸ್ ಸಂಸ್ಥೆಯವರು ಬೇರೆಬೇರೆಯಾಗಿ ಅದನ್ನು ಕಂಡುಹಿಡಿದಿದ್ದರು. ‘ಮೆಲ್ಟ್‌ಡೌನ್’ ಎಂದು ಅದಕ್ಕೆ ಹೆಸರಾಯಿತು. ಅದರ ಬಗೆ ಹೀಗೆ.

ಕಿಟಕಿಯ ಹಿಂದೆ ಅತಿ ಚುರುಕಿನ ಗುಮಾಸ್ತನೊಬ್ಬನಿದ್ದಾನೆಂದು ಭಾವಿಸಬಹುದು. ಕಿಡಿಗೇಡಿಯೊಬ್ಬನು ಬಂದು, “ನೆರೆಯವನ ಗುಪ್ತಪತ್ರದ ಮೊದಲ ಅಂಕಿ ನೋಡಿ, ಅದೇ ನಂಬರಿನ ಕಟ್ಟನ್ನು ಹೊರತೆಗೆಯಿರಿ” ಎನ್ನುತ್ತಾನೆ. ಗುಮಾಸ್ತನು ಅನುಮತಿಯ ಚೀಟಿ ಬರುವವರೆಗೆ ಸುಮ್ಮನೆ ಕೂಡುವವನಲ್ಲ. ಪತ್ರ ನೋಡಿ 7ನೆಯ ಕಟ್ಟನ್ನು ಮೇಜಿಗೆ ತಂದಿಟ್ಟೇ ಬಿಡುತ್ತಾನೆ. ಅಷ್ಟರಲ್ಲಿ ಅನುಮತಿಯಿಲ್ಲವೆಂದು ತಿಳಿಯುತ್ತದೆ. “ಆಗದು, ಹೋಗು” ಎನ್ನುತ್ತಾನೆ. ಆದರೆ ಕಟ್ಟು ಮೇಜಿನ ಮೇಲೆಯೇ ಉಳಿಯುತ್ತದೆ. ಕಿಡಿಗೇಡಿಯು ಮರಳಿ ಬಂದು 0ಯಿಂದ 9ರವರೆಗೆ ಒಂದೊಂದೇ ಕಟ್ಟು ಕೇಳುತ್ತಾನೆ. ಅವನ್ನು ಯಾರು ಬೇಕಾದರೂ ಕೇಳಬಹುದು. ಒಂಬತ್ತು ತಡವಾಗಿ ಬರುತ್ತವೆ, 7 ಮಾತ್ರ ಥಟ್ಟನೆ ಬರುತ್ತದೆ. ಯಾರೂ ಬಾಯಿಬಿಡದೆಯೇ ಗುಟ್ಟು ರಟ್ಟಾಯಿತು!

ಪ್ರೊಸೆಸರಿನ ಆತುರವೂ ಇದೇ. ಅನುಮತಿಯ ತೀರ್ಪು ಬರುವ ಮುನ್ನವೇ ಮುಂದಿನ ಕೆಲಸವನ್ನು ಮಾಡಿ, ತೀರ್ಪು ವಿರುದ್ಧವಾದರೆ ಫಲವನ್ನು ಅಳಿಸಿಹಾಕುತ್ತದೆ. ಆದರೆ ಕ್ಯಾಶ್ ಎಂಬ ಕೈಯಳವಿನ ಮೇಜಿನಲ್ಲಿ ಸುಳಿವು ಉಳಿಯುತ್ತದೆ. ಕಟ್ಟುಗಳು ಅಲ್ಲಿ ಹತ್ತಲ್ಲ, 256. ಈ ರೀತಿ ಸೆಕೆಂಡಿಗೆ 503 ಕಿಲೋಬೈಟುಗಳವರೆಗೆ ಓದಬಹುದೆಂದು ಸಂಶೋಧಕರು ತೋರಿಸಿದರು. ಕರ್ನೆಲ್ಲಿನ ವಶದಲ್ಲಿ ಸಾಮಾನ್ಯವಾಗಿ ಇಡೀ ಯಂತ್ರದ ನೆನಪೇ ಇರುವುದರಿಂದ ಅನ್ಯರ ಗುಪ್ತಪದ, ಪತ್ರ, ಲೆಕ್ಕ ಯಾವುದೂ ಕ್ಷೇಮವಲ್ಲ. ನೂರಾರು ಜನರ ವ್ಯವಹಾರ ಒಂದೇ ಯಂತ್ರದಲ್ಲಿ ನಡೆಯುವ ದೊಡ್ಡ ಕೇಂದ್ರಗಳವರು ದಿಗಿಲುಗೊಂಡುದು ಸಹಜವೇ. ದೋಷವು ಮುಖ್ಯವಾಗಿ ಇಂಟೆಲ್ ಪ್ರೊಸೆಸರುಗಳದು, ಎ.ಎಂ.ಡಿ.ಯವು ಪಾರಾದವು.

ಕಬ್ಬಿಣದಲ್ಲಿ ಎರಕವಾದ ತಪ್ಪನ್ನು ಕಾಗದದಲ್ಲಿ ತಿದ್ದುವಂತಿರಲಿಲ್ಲ. ಆದ್ದರಿಂದ ಬೇರೆ ಉಪಾಯವನ್ನೇ ಹಿಡಿಯಬೇಕಾಯಿತು: ದಫ್ತರವನ್ನೇ ಆ ಕಟ್ಟಡದಿಂದ ಸಾಗಿಸುವುದು. ಗ್ರಾಟ್ಸ್‌ನವರು 2017ರಲ್ಲಿಯೇ ಬೇರೊಂದು ಉದ್ದೇಶಕ್ಕೆ ‘ಕೈಸರ್’ ಎಂಬ ಇಂಥ ವಿಧಾನವನ್ನು ರೂಪಿಸಿದ್ದರು. ಲಿನಕ್ಸಿನವರು ಅದನ್ನು ಬೆಳೆಸಿ 2018ರ ಜನವರಿಯ 4.15ನೆಯ ಆವೃತ್ತಿಯಲ್ಲಿ ಅಳವಡಿಸಿದರು. ಈಗ ಪ್ರೋಗ್ರಾಮು ಓಡುವಾಗ ಕಿಟಕಿಯ ಹಿಂದೆ ಬಾಗಿಲು ಕಾಯುವಷ್ಟು ಮಂದಿಯಲ್ಲದೆ ಮತ್ತೇನೂ ಇಲ್ಲ. ಗುಮಾಸ್ತನು ಆತುರಪಟ್ಟರೂ ನೋಡಲು ಪತ್ರವೇ ಇಲ್ಲ.

ಇದರ ಬೆಲೆಯೂ ಉಂಟು. ಪ್ರತಿ ಅಹವಾಲಿಗೂ ದೂರದ ಕಟ್ಟಡಕ್ಕೆ ಹೋಗಿಬರಬೇಕು. ಲೆಕ್ಕ ಹಾಕುತ್ತ ತನ್ನಷ್ಟಕ್ಕೆ ಕುಳಿತಿರುವ ಪ್ರೋಗ್ರಾಮಿಗೆ ಇದು ತಟ್ಟದು. ಗಳಿಗೆಗೊಮ್ಮೆ ಕಿಟಕಿ ತಟ್ಟುವ ದಾಖಲೆಕೋಶಗಳು ನಿಧಾನವಾದವು. ಅನಂತರ ಬಂದ ಪ್ರೊಸೆಸರುಗಳಲ್ಲಿ ಇಂಟೆಲ್ ದೋಷವನ್ನು ಮೂಲದಲ್ಲಿಯೇ ತಿದ್ದಿತು. ಹಳೆಯ ಯಂತ್ರಗಳು ಮಾತ್ರ ಇಂದಿಗೂ ಆ ಸುತ್ತುದಾರಿಯನ್ನೇ ನಡೆಯುತ್ತಿವೆ.