ಮಕ್ಕಳ ಪ್ರಾಜೆಕ್ಟ್ ಪಂಚಾಯಿತಿ ಮೆಟ್ಟಿಲೇರಲಿ

ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ಬೀರು ತೆರೆದರೆ ಮಕ್ಕಳ ಪ್ರಾಜೆಕ್ಟುಗಳ ಕಟ್ಟು ಸಿಗುತ್ತದೆ. ರಾಷ್ಟ್ರನಾಯಕರು, ಸಾರಿಗೆ ಸಾಧನಗಳು, ಸೌರವ್ಯೂಹ. ಪೇಟೆಯ ಅಂಗಡಿಯಿಂದ ತಂದ ಚಿತ್ರಪಟ ಕತ್ತರಿಸಿ, ಹಾಳೆಗೆ ಅಂಟಿಸಿ, ಸುತ್ತ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದಿರುತ್ತಾರೆ. ಕೆಲವುಗಳ ಅಕ್ಷರ ನೋಡಿದರೆ ಅಕ್ಕನೋ ಅಪ್ಪನೋ ಬರೆದುಕೊಟ್ಟದ್ದು ಗೊತ್ತಾಗುತ್ತದೆ. ರೂಪಣಾತ್ಮಕ ಮೌಲ್ಯಮಾಪನದ ಅಂಕ ದಾಖಲಾದರೆ ಅವುಗಳ ಕೆಲಸ ಮುಗಿಯಿತು. ಅದೇ ಮಕ್ಕಳು ವರ್ಷಕ್ಕೊಮ್ಮೆ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು, ಕಾಂಪೌಂಡ್ ಬೇಕು, ಶೌಚಾಲಯಕ್ಕೆ ನೀರು ಬೇಕು ಎಂದು ಶಿಕ್ಷಕರು ಬರೆದುಕೊಟ್ಟ ಚೀಟಿ ಓದುತ್ತಾರೆ. ಅನುದಾನ ಬಂದ ಕೂಡಲೇ ಮಾಡಿಸಿಕೊಡುತ್ತೇವೆ ಎಂಬ ಉತ್ತರ ಬರುತ್ತದೆ. ಚಪ್ಪಾಳೆ, ಬಿಸ್ಕತ್ತು, ವಾಟ್ಸ್‌ಆ್ಯಪ್ ಗುಂಪಿಗೊಂದು ಫೋಟೊ. ಅಲ್ಲಿ ಯಾರಿಗೂ ಬೇಡವಾದ ಮಾಹಿತಿ, ಇಲ್ಲಿ ಮಾಹಿತಿಯೇ ಇಲ್ಲದ ಬೇಡಿಕೆ. ಇವೆರಡನ್ನೂ ಗಂಟು ಹಾಕಬೇಕು ಎಂಬುದು ನನ್ನ ವಾದ. ಶಾಲೆಯ ಪ್ರಾಜೆಕ್ಟ್ ಊರಿನದೇ ಒಂದು ಪ್ರಶ್ನೆಯನ್ನು ಅಳೆಯಲಿ. ಅಳೆದದ್ದು ಮಕ್ಕಳ ಗ್ರಾಮಸಭೆಯ ನಡಾವಳಿ ಪುಸ್ತಕ ಸೇರಲಿ.

ಇದಕ್ಕೆ ಪ್ರಯೋಗಾಲಯ ಬೇಡ. ಊರಿನ ಮಿನಿ ಟ್ಯಾಂಕಿನ ಸೋರುವ ನಲ್ಲಿ ಸಾಕು. ಒಂದು ಲೀಟರಿನ ಖಾಲಿ ಬಾಟಲಿಯನ್ನು ಅದರ ಕೆಳಗೆ ಹಿಡಿದು ಗಡಿಯಾರ ನೋಡಬೇಕು. ಬಾಟಲಿ ನಾಲ್ಕು ನಿಮಿಷದಲ್ಲಿ ತುಂಬಿತೆನ್ನಿ. ಗಂಟೆಗೆ 15 ಲೀಟರ್, ದಿನಕ್ಕೆ 360 ಲೀಟರ್, ತಿಂಗಳಿಗೆ 10,800 ಲೀಟರ್. ಜಲಜೀವನ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕೆನ್ನುತ್ತದೆ. ಅಂದರೆ ಆರು ಜನರಿಗೆ ಸಾಕಾಗಿ ಮಿಗುವಷ್ಟು ನೀರು ಒಂದು ಕೆಟ್ಟ ವಾಷರಿನಿಂದ ಚರಂಡಿ ಸೇರುತ್ತಿದೆ. ಗುಣಾಕಾರ, ಭಾಗಾಕಾರ, ಏಕಮಾನ, ಸರಾಸರಿ ಎಲ್ಲವೂ ಆರನೇ ತರಗತಿಯ ಹುಡುಗಿಯ ಕೈಗೆಟುಕುವ ಲೆಕ್ಕ. 'ನಲ್ಲಿ ರಿಪೇರಿ ಮಾಡಿಸಿ' ಎಂದು ಕೇಳಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ತಲೆಯಾಡಿಸಿ ಮುಂದೆ ಹೋಗಬಹುದು. ಮೂರು ದಿನ, ಮೂರು ಹೊತ್ತು ಅಳೆದ ಪಟ್ಟಿ ಮುಂದಿಟ್ಟರೆ ಆತ ಅದನ್ನು ಒಪ್ಪಬೇಕು, ಇಲ್ಲವೇ ತಾನೂ ಹೋಗಿ ಅಳೆಯಬೇಕು. ಎರಡರಲ್ಲಿ ಯಾವುದಾದರೂ ಊರಿಗೆ ಲಾಭವೇ.

ಇದರಲ್ಲಿ ಹೊಸದೇನೂ ಇಲ್ಲ. ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳು ತಮ್ಮ ಪ್ರತಿನಿಧಿಗಳನ್ನು ತಾವೇ ಚುನಾಯಿಸಿ ಮಕ್ಕಳ ಪಂಚಾಯಿತಿ ನಡೆಸಿದರು. ದುಡಿಯುವ ಮಕ್ಕಳ ನಡುವೆ ಹುಟ್ಟಿದ ಆ ಪ್ರಯತ್ನ ಮುಂದೆ ರಾಜ್ಯದ ಮಕ್ಕಳ ಗ್ರಾಮಸಭೆಗಳಿಗೆ ದಾರಿ ಮಾಡಿತು. ಅಳೆಯುವ ಪರಂಪರೆಯೂ ನಮ್ಮಲ್ಲಿದೆ. 1993ರಿಂದ ನಡೆಯುತ್ತಿರುವ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಂಡ ಕಟ್ಟಿಕೊಂಡು ಸ್ಥಳೀಯ ಸಮಸ್ಯೆಯೊಂದನ್ನು ಅಧ್ಯಯನ ಮಾಡುತ್ತಾರೆ. ಆದರೆ ಅಲ್ಲಿ ಆಯ್ಕೆಯಾದ ತಂಡ ಜಿಲ್ಲೆಗೆ, ರಾಜ್ಯಕ್ಕೆ ಹೋಗುತ್ತದೆ, ಪ್ರಮಾಣಪತ್ರ ತರುತ್ತದೆ. ವರದಿ ಮಾತ್ರ ಊರಿಗೆ ವಾಪಸಾಗುವ ಏರ್ಪಾಡಿಲ್ಲ. ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳ ಕತೆಯೂ ಹೆಚ್ಚುಕಡಿಮೆ ಇದೇ. ಸೊಪ್ಪು ಮಾರಿ ಚಿಲ್ಲರೆ ಎಣಿಸುವುದರಲ್ಲಿ ಮಕ್ಕಳು ಕಲಿಯುವುದು ನಿಜ. ಅದರ ಉದ್ಘಾಟನೆಗೆ ಐದು ಜನರಿಗೆ ಶಾಲು ಹೊದಿಸುವುದು ಯಾವ ಕಲಿಕಾಂಶಕ್ಕೆ ಸೇರುತ್ತದೋ ತಿಳಿಯದು.

ಶಿಕ್ಷಕರಿಗೆ ಪುರುಸೊತ್ತೆಲ್ಲಿದೆ ಎಂಬ ಆಕ್ಷೇಪ ತೀರಾ ನ್ಯಾಯವಾದದ್ದು. ಇಬ್ಬರು ಶಿಕ್ಷಕರು ಏಳು ತರಗತಿ ನೋಡುವ ಕಡೆ ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಮತದಾರರ ಪಟ್ಟಿ, ಆನ್‌ಲೈನ್ ಮಾಹಿತಿ ಭರ್ತಿ ಎಲ್ಲವೂ ಅವರ ತಲೆಯ ಮೇಲೇ ಇದೆ. ಹಾಗಾಗಿ ಇದು ಹೊಸದೊಂದು ಕಾರ್ಯಕ್ರಮವಾಗಿ, ಹೊಸ ಸುತ್ತೋಲೆ, ಹೊಸ ನಮೂನೆಗಳ ಸಮೇತ ಬರಲೇಬಾರದು. ಈಗ ಕತ್ತರಿಸಿ ಅಂಟಿಸುವುದಕ್ಕೆ ಹೋಗುವ ಹೊತ್ತನ್ನೇ ಇದಕ್ಕೆ ಕೊಡಬೇಕು: ವರ್ಷಕ್ಕೆ ಒಂದು ಪ್ರಶ್ನೆ, ಇಡೀ ಶಾಲೆಗೆ ಒಂದೇ. ಚಿಕ್ಕ ಶಾಲೆಗೆ ಇಲ್ಲೊಂದು ಅನುಕೂಲವಿದೆ. ಮೂವತ್ತು ಮಕ್ಕಳು ಜೋಡಿಜೋಡಿಯಾಗಿ ಹೊರಟರೆ ಚಿಕ್ಕ ಊರಿನ ಮನೆಗಳನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ಪೇಟೆಯ ಐನೂರು ಮಕ್ಕಳ ಶಾಲೆಗೆ ಅದು ಸಾಧ್ಯವಿಲ್ಲ.

ಅದಕ್ಕಿಂತ ಕಷ್ಟದ ಆಕ್ಷೇಪ ಇನ್ನೊಂದು: ಮಕ್ಕಳನ್ನು ಊರ ರಾಜಕೀಯಕ್ಕೆ ಎಳೆದಂತಾಗುವುದಿಲ್ಲವೇ? ಆಗಬಹುದು. ನೀರು ಅಳೆಯಹೊರಟ ಮಗುವಿಗೆ ಯಾವ ಕೇರಿಗೆ ದಿನಾ ನೀರು, ಯಾವ ಕೇರಿಗೆ ಮೂರು ದಿನಕ್ಕೊಮ್ಮೆ ಎಂಬುದೂ ಕಾಣುತ್ತದೆ. ಆ ಪಟ್ಟಿ ಸಭೆಗೆ ಬಂದರೆ ಕೆಲವರ ಮುಖ ಕೆಂಪಾಗುತ್ತದೆ. ಮೇಷ್ಟ್ರೇ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ ಎಂಬ ದೂರು ಬಿಇಒ ಕಚೇರಿ ತಲುಪುತ್ತದೆ. ಆದ್ದರಿಂದ ಪ್ರಶ್ನೆಯನ್ನು ಶಿಕ್ಷಕರೊಬ್ಬರೇ ಆರಿಸಬಾರದು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತೀರ್ಮಾನವಾಗಬೇಕು. ವರದಿಯಲ್ಲಿ ವ್ಯಕ್ತಿಗಳ ಹೆಸರಿರಬಾರದು, ಅಂಕಿ ಮಾತ್ರ ಇರಬೇಕು. ಇಷ್ಟಾದರೂ ಜಗಳ ತಪ್ಪುತ್ತದೆಂಬ ಭರವಸೆ ಕೊಡಲಾರೆ. ಆದರೆ ನೀರಿಲ್ಲದ ಕೇರಿಯ ಮಗುವಿಗೆ ಈ ತಾರತಮ್ಯ ಮೊದಲೇ ಗೊತ್ತು. ಬೆಳಿಗ್ಗೆ ಕೊಡ ಹೊತ್ತು ತಡವಾಗಿ ತರಗತಿಗೆ ಬರುವುದು ಅದೇ ಮಗು. ಅದು ಶಾಲೆಯಲ್ಲಿ ಮಾತಾಗದಂತೆ ನೋಡಿಕೊಂಡರೆ ಮಕ್ಕಳು ರಾಜಕೀಯದಿಂದ ದೂರ ಉಳಿದಂತಾಗುವುದಿಲ್ಲ.

ಪಾಠ ಹಿಂದುಳಿಯುತ್ತದೆ ಎನ್ನುವವರು ಮಧ್ಯಪ್ರದೇಶದ ಅಂದಿನ ಹೋಶಂಗಾಬಾದ್ ಜಿಲ್ಲೆಯತ್ತ ನೋಡಬಹುದು. ಅಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. ಮಕ್ಕಳು ಹೊಲಕ್ಕೆ ಹೋಗಿ, ಪ್ರಯೋಗ ಮಾಡಿ ಕಲಿತರು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂತರು. ಸರ್ಕಾರ 2002ರಲ್ಲಿ ಅದನ್ನು ನಿಲ್ಲಿಸಿತು. ಇದನ್ನು ಸೋಲಿನ ಉದಾಹರಣೆಯಾಗಿ ಹೇಳುವವರಿದ್ದಾರೆ. ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ, ಸಾಮಾನ್ಯ ಸರ್ಕಾರಿ ಶಿಕ್ಷಕರಿಂದಲೇ ಮೂವತ್ತು ವರ್ಷ ನಡೆದದ್ದನ್ನು ಅಸಾಧ್ಯ ಎನ್ನುವುದು ಹೇಗೆ? ಅದರ ಅಂತ್ಯ ಹೇಳುವುದು ಬೇರೆಯದೇ ಸಂಗತಿ: ಮೇಲಿನ ಒಪ್ಪಿಗೆಯ ಮೇಲೆ ನಿಂತದ್ದಕ್ಕೆ ಮೇಲಿನ ಒಂದು ಆದೇಶವೇ ಮುಳುವಾಗಬಲ್ಲದು. ಆದರೆ ಶಾಲೆಯ ಅಳತೆಯಿಂದ ತನ್ನ ನಲ್ಲಿ ಸರಿಹೋದದ್ದನ್ನು ಕಂಡ ಊರು ಅಷ್ಟು ಸುಲಭಕ್ಕೆ ಸುಮ್ಮನಿರಲಾರದು.

ಹಾಗಾಗಿ ಇದರಲ್ಲಿ ಹೆಚ್ಚಿನ ಹೊಣೆ ಶಾಲೆಗಿಂತ ಪಂಚಾಯಿತಿಯದು. ಮಕ್ಕಳು ವರದಿ ಓದಿದ ಮೇಲೆ ಏನಾಯಿತು ಎಂದು ಕೇಳುವವರೇ ಈಗ ಇಲ್ಲ. ಮುಂದಿನ ವರ್ಷದ ಮಕ್ಕಳ ಗ್ರಾಮಸಭೆಯ ಮೊದಲ ವಿಷಯವೇ ಹಿಂದಿನ ವರ್ಷದ ಅನುಪಾಲನಾ ವರದಿಯಾಗಬೇಕು. ಅದನ್ನು ಪಿಡಿಒ ಶಾಲೆಗೇ ಬಂದು ಓದಬೇಕು. ಏನು ಮಾಡಿದೆವು, ಎಷ್ಟು ಖರ್ಚಾಯಿತು, ಮಾಡದಿದ್ದರೆ ಯಾಕೆ ಎಂಬುದನ್ನು ಹೇಳಿ, ಬಾಟಲಿ ಹಿಡಿದು ಅಳೆದ ಮಕ್ಕಳ ಮರುಪ್ರಶ್ನೆಗೂ ಅಲ್ಲೇ ಉತ್ತರ ಕೊಡಬೇಕು.