ಹಡಗಿನಿಂದ ಇಳಿದವರಿಗೆ ತೋರಿಸತಕ್ಕದ್ದೇನು?

ಮಳೆಗಾಲ ಕಳೆದು ಕಡಲು ಶಾಂತವಾದೊಡನೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿಹಾರನೌಕೆಗಳು ಬರಲಾರಂಭಿಸುತ್ತವೆ. ಪತ್ರಿಕೆಗಳು ಅವನ್ನು ಕ್ರೂಸ್ ಹಡಗುಗಳೆಂದು ಕರೆಯುತ್ತವೆ. ಮುಂಬಯಿ, ಗೋವೆಗಳ ಕಡೆಯಿಂದ ಬಂದು ಕೊಚ್ಚಿಯತ್ತ ಸಾಗುವ ಈ ಹಡಗುಗಳು ಸಾಮಾನ್ಯವಾಗಿ ಬೆಳಗ್ಗೆ ದಡ ಮುಟ್ಟಿ ಸಂಜೆಗೆ ಹೊರಟುಬಿಡುತ್ತವೆ. ಇಳಿದವರನ್ನು ಚೆಂಡೆಯ ನಾದದಿಂದ, ಯಕ್ಷಗಾನದ ವೇಷದಿಂದ ಎದುರುಗೊಳ್ಳುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಕಿರೀಟಧಾರಿಯಾದ ವೇಷದವನ ಪಕ್ಕದಲ್ಲಿ ನಗುತ್ತ ನಿಂತ ವಿದೇಶೀ ದಂಪತಿಗಳ ಚಿತ್ರವೊಂದು, ಎಷ್ಟು ಜನ ಬಂದರೆಂಬ ಲೆಕ್ಕವೊಂದು. ಅಲ್ಲಿಗೆ ವಾರ್ತೆ ಮುಗಿಯಿತು. ಅವರು ಏನನ್ನು ಕಂಡರು, ನಾವು ಏನನ್ನು ಕಾಣಿಸಿದೆವು ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳಿದಂತಿಲ್ಲ.

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯವನಿಗೆ ಈ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ನಮ್ಮೂರಿಗೆ ಕಡಲಿಲ್ಲ, ನಿಜ. ಆದರೆ ಕಡಲಿಗೆ ನಮ್ಮ ಸೀಮೆಯ ಪರಿಚಯ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಎರೆಹೊಲಗಳ ಹತ್ತಿ ಚಕ್ಕಡಿಗಳನ್ನೇರಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿತ್ತು. ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿಗೆ. ಹೊರಗಿನ ಪೇಟೆಗಳಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು ನಿಂತಿತು. ಅಮೇರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಈ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ, ಕಾರವಾರದ ಬಂದರನ್ನು ಬೆಳೆಸಿದ್ದರ ಹಿಂದೆಯೂ ಹತ್ತಿಯ ವ್ಯಾಪಾರಿಗಳ ಒತ್ತಾಯವಿತ್ತು. ಬೆಳೆ ನಮ್ಮದು, ಬೆವರು ನಮ್ಮದು, ಹೆಸರು ಬಂದರಿನದು! ಇದರಲ್ಲಿ ದೂರಬೇಕಾದದ್ದೇನೂ ಇಲ್ಲ. ಬಂದರೆಂಬುದು ನಾಡಿನ ತಲೆಬಾಗಿಲು. ಒಳಗಿನ ಮನೆಯೆಲ್ಲ ಹೇಗಿದೆಯೆಂಬುದನ್ನು ಪರದೇಶದವನು ಆ ಬಾಗಿಲಲ್ಲಿ ನಿಂತೇ ಊಹಿಸುತ್ತಾನೆ. ಆದುದರಿಂದ ಆ ಬಾಗಿಲಲ್ಲಿ ನಡೆಯುವ ಉಪಚಾರದ ವಿಷಯದಲ್ಲಿ ಒಳಮನೆಯವರಿಗೂ ಮಾತಾಡುವ ಹಕ್ಕಿದೆ.

ಎಂಟು ಗಂಟೆಗಳ ಅವಧಿಯಲ್ಲಿ ಪ್ರಯಾಣಿಕನಿಗೆ ನೋಡಲು ಸಿಗುವುದು ಕಡಿಮೆಯೇನಲ್ಲ. ನಗರದಲ್ಲಿಯೇ ಕದ್ರಿಯ ಮಂಜುನಾಥ ದೇವಾಲಯವಿದೆ. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪರ ಕುಂದವರ್ಮನ ಕ್ರಿ. ಶ. 968ರ ಶಾಸನವಿದೆ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ, ಛಾವಣಿಗಳನ್ನು ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ ಎಂಬ ಚಿತ್ರಗಾರನು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ವರ್ಣಮಯವಾಗಿ ಮಾಡಿದನು. ಬೋಳೂರಿನಲ್ಲಿ ಟೀಪುವಿನ ಕಾಲದ ಸುಲ್ತಾನ್ ಬತ್ತೇರಿಯಿದೆ. ಒಂದು ಗಂಟೆಗೆ ಮೀರಿದ ಪ್ರಯಾಣ ಮಾಡಿದರೆ ಮೂಡುಬಿದಿರೆ; ಅಲ್ಲಿ ಹದಿನೆಂಟು ಬಸದಿಗಳು, ಅವುಗಳಲ್ಲಿ ಹಿರಿದಾದುದು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ. ಇನ್ನೂ ಮುಂದೆ ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ನಾಲ್ವತ್ತೆರಡು ಅಡಿಯ ಗೊಮ್ಮಟ. ಮರಳುವಾಗ ಗೇರುಬೀಜದ ಕಾರ್ಖಾನೆಯನ್ನೋ ಮಾರುಕಟ್ಟೆಯನ್ನೋ ಕಂಡು, ಪೊಟ್ಟಣ ಕಟ್ಟಿಸಿಕೊಂಡು ಹಡಗನ್ನೇರುವುದು. ದೇಹಕ್ಕೆ ಬೇಕಾದ ಎಳನೀರಿಗೂ ಕಣ್ಣಿಗೆ ಬೇಕಾದ ನೋಟಕ್ಕೂ ಕೊರತೆಯಿಲ್ಲ.

ಕೊರತೆಯಿರುವುದು ಕಿವಿಗೆ. ಈ ಎಂಟು ಗಂಟೆಗಳಲ್ಲಿ ಪ್ರಯಾಣಿಕನು ಕಲ್ಲನ್ನು ಕಾಣುತ್ತಾನೆ, ಬಣ್ಣವನ್ನು ಕಾಣುತ್ತಾನೆ, ಕುಣಿತವನ್ನು ಕಾಣುತ್ತಾನೆ. ಇಲ್ಲಿ ಮಾತಾಡುವ ಜನರಿದ್ದಾರೆ, ಅವರ ಮಾತಿಗೆ ಸಾವಿರ ವರ್ಷಗಳಿಗೂ ಮಿಕ್ಕ ಬರಹವಿದೆ ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಯಕ್ಷಗಾನದ ವೇಷ ಅವನ ಮುಂದೆ ಕುಣಿಯುತ್ತದೆ, ಅರ್ಥ ಹೇಳುವುದಿಲ್ಲ. ಮಾತನ್ನು ಕಳೆದ ಮೇಲೆ ಯಕ್ಷಗಾನದಲ್ಲಿ ಉಳಿಯುವುದೆಷ್ಟು ಎಂಬುದನ್ನು ತಾಳಮದ್ದಳೆಯನ್ನು ಕೇಳಿ ಬೆಳೆದ ಕರಾವಳಿಯ ಸಹೃದಯರಿಗೆ ನಾನು ಹೇಳಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳೊಡನೆ ಮೂಡುಬಿದಿರೆಗೆ ಹೋದಾಗ ಹಡಗಿನಿಂದ ಬಂದ ತಂಡವೊಂದು ಸಾವಿರ ಕಂಬದ ಬಸದಿಯಲ್ಲಿತ್ತು. ಮಾರ್ಗದರ್ಶಕನು ಕಂಬಗಳ ಸಂಖ್ಯೆ, ಕಟ್ಟಿದ ವರ್ಷ ಇವುಗಳನ್ನು ಒಪ್ಪಿಸಿ ಮುಂದೆ ನಡೆದನು. ವಯಸ್ಸಾದ ಹೆಂಗಸೊಬ್ಬಳು ಮಾತ್ರ ಹಿಂದುಳಿದು, ಶಾಸನದ ಕಲ್ಲೊಂದನ್ನು ತೋರಿಸಿ ಇದೇನೆಂದು ಕೇಳಿದಳು. "ಹಳೆಯ ಬರಹ" ಎಂಬ ಉತ್ತರ ಬಂದಿತು. ಆಗ ನವಲಗುಂದದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಮುಂದೆ ಬಂದು, ಅಕ್ಷರಗಳ ಮೇಲೆ ಬೆರಳಾಡಿಸುತ್ತ, ಮೊದಲ ಸಾಲನ್ನು ತಡವರಿಸುತ್ತಲೇ ಓದಿದಳು. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಅರ್ಥವನ್ನೂ ಹೇಳಿದಳು. ಆರುನೂರು ವರ್ಷಗಳ ಹಿಂದಿನ ಅಕ್ಷರಗಳನ್ನು ಈ ಹುಡುಗಿ ಇಂದಿಗೂ ಓದಬಲ್ಲಳೇ ಎಂದು ಆ ಹೆಂಗಸಿಗೆ ಪರಮಾಶ್ಚರ್ಯ. ಅವಳು ತನ್ನ ಪುಸ್ತಕದಲ್ಲಿ ಎರಡು ಅಕ್ಷರಗಳನ್ನು ಚಿತ್ರ ಬರೆದಂತೆ ಬರೆದುಕೊಂಡಳು. ಅಷ್ಟರಲ್ಲಿ ಬಸ್ಸು ಕೂಗಿತು. ಆ ದಿನ ಅಲ್ಲಿ ಕಂಬಗಳನ್ನು ಎಲ್ಲರೂ ನೋಡಿದರು. ನಾಡನ್ನು ನೋಡಿದವಳು ಅವಳೊಬ್ಬಳೇ ಎಂದು ನನ್ನ ಭಾವನೆ.

ಹಿಂದೆ ಇದೇ ತೀರದಲ್ಲಿ ಇಳಿದವರ ಕಥೆಗಳು ಇದಕ್ಕಿಂತ ಬೇರೆ. 1342ರ ಸುಮಾರಿಗೆ ಬಂದ ಇಬ್ನ್ ಬತೂತನು ಮಂಗಳೂರಿನಲ್ಲಿ ನೆಲೆಸಿದ್ದ ಪಾರಸೀಕ, ಯೆಮೆನ್ ದೇಶಗಳ ವರ್ತಕರನ್ನೂ ಮೆಣಸು, ಶುಂಠಿಗಳ ಸಮೃದ್ಧಿಯನ್ನೂ ಬರೆದಿಟ್ಟನು. 1623ರಲ್ಲಿ ಬಂದ ಇಟಲಿಯ ಪಿಯತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡದ್ದು ಸಿಂಹಾಸನದಲ್ಲಲ್ಲ; ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ನೋಡಲು ಅವಳು ಬರಿಗಾಲಲ್ಲಿ ನಡೆದು ಬರುತ್ತಿದ್ದಾಗ. ಅದೇ ವರ್ಷ ಗೇರುಸೊಪ್ಪೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ, ಗುಡಿಯೊಂದರ ಜಗಲಿಯ ಮೇಲೆ ನಾಲ್ವರು ಹುಡುಗರು ನುಣ್ಣನೆಯ ಮರಳನ್ನು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದನು. ತಪ್ಪಿದರೆ ತಿದ್ದುವವರಾರು ಎಂದು ಕೇಳಿದನು. ಗುರುವು ಬೇಡ, ಎಲ್ಲರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲವಾದ್ದರಿಂದ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತೇವೆ ಎಂದು ಮಕ್ಕಳು ಹೇಳಿದರಂತೆ. ಅಧ್ಯಾಪಕ ವೃತ್ತಿಯವನಾದ ನನಗೆ ಇದನ್ನು ಓದಿದಾಗಲೆಲ್ಲ ಸಂತೋಷವೂ ಆಗುತ್ತದೆ, ತುಸು ಭಯವೂ ಆಗುತ್ತದೆ! ಆದರೆ ಗಮನಿಸಬೇಕಾದ ಮಾತೆಂದರೆ, ಅವನು ಕೇಳಿದನು, ಅವರು ಉತ್ತರಿಸಿದರು. ನಡುವೆ ಮಾತು ನಡೆಯಿತು. ನಾಲ್ಕುನೂರು ವರ್ಷಗಳ ಮೇಲೂ ಆ ಪತ್ರಗಳು ಜೀವಂತವಾಗಿರುವುದು ಈ ಕಾರಣದಿಂದಲೇ.

ಇನ್ನೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಹದಿನೇಳು ವರ್ಷಗಳಷ್ಟು ಕಾಲ ಮಂಗಳೂರಿನಲ್ಲಿ ನೆಲೆಸಿದ್ದನು. ಕೈರೋ ನಗರದ ಹಳೆಯ ಯಹೂದಿ ಮಂದಿರದಲ್ಲಿ ದೊರೆತ ಪತ್ರಗಳಲ್ಲಿ ಅವನ ಸೇವಕನೊಬ್ಬನ ಹೆಸರು ಬರುತ್ತದೆ. ಒಡೆಯನ ವ್ಯಾಪಾರಕ್ಕಾಗಿ ಏಡನ್ನಿಗೆ ಹೋಗಿಬಂದ ಈ ಸೇವಕನ ಜಾಡನ್ನು ಹಿಡಿದು ಅಮಿತಾವ್ ಘೋಷರು 1992ರಲ್ಲಿ ಒಂದು ಗ್ರಂಥವನ್ನೇ ಬರೆದರು. ಆ ಹೆಸರನ್ನು 'ಬೊಮ್ಮ' ಎಂದು ಗುರುತಿಸುವಲ್ಲಿ ಅವರಿಗೆ ನೆರವಾದವರು ನಮ್ಮ ವಿದ್ವಾಂಸರಾದ ಬಿ. ಎ. ವಿವೇಕ ರೈಗಳು. ದೊರೆಗಳ ಹೆಸರೇ ಅಳಿದುಹೋಗುವ ಲೋಕದಲ್ಲಿ ತುಳುನಾಡಿನ ಆಳೊಬ್ಬನ ಹೆಸರು ನೈಲ್ ನದಿಯ ತೀರದಲ್ಲಿ ಉಳಿಯಿತು. ಈಜಿಪ್ಟಿನಲ್ಲಿಯೇ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವಂತೂ ಎಲ್ಲ ಕನ್ನಡ ವಿದ್ಯಾರ್ಥಿಗಳೂ ಬಲ್ಲ ವಿಷಯ. ಹಡಗಿನಲ್ಲಿ ಬಂದ ಗ್ರೀಕರು ಇಲ್ಲಿಯ ದೊರೆಗೆ ಮದ್ಯ ಕುಡಿಸಿ, ತಮ್ಮ ಹುಡುಗಿಯನ್ನು ಬಿಡಿಸಿಕೊಂಡು ಪಾರಾಗುವ ಕಥೆ ಅದು. ಅದರಲ್ಲಿ ಬರುವ ಅನ್ಯಭಾಷೆಯ ಮಾತುಗಳು ಕನ್ನಡವೋ, ತುಳುವೋ, ಎರಡೂ ಅಲ್ಲವೋ ಎಂಬ ಚರ್ಚೆಯಲ್ಲಿ ಹುಲ್ಟ್ಸ್, ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಶ್ರಮಿಸಿದರೂ ತೀರ್ಮಾನ ದೊರೆತಿಲ್ಲ. ತೀರದವರ ಮಾತು ಯಾವುದೇ ಇರಲಿ, ಆ ಪ್ರೇಕ್ಷಕರಿಗೆ ಅದು ನಗೆಯ ಸಾಮಗ್ರಿಯಾಯಿತು. ಅರ್ಥವಾಗದ ಮಾತು ಕೇಳುವವನಿಗೆ ಬರಿಯ ಸದ್ದು. ವೇಷವನ್ನು ಕುಣಿಸಿ ಮಾತನ್ನು ಮುಚ್ಚಿಡುವ ನಾವು ಇಂದಿನ ಅತಿಥಿಯನ್ನೂ ಅದೇ ಸ್ಥಿತಿಯಲ್ಲಿ ಇಡುತ್ತಿದ್ದೇವೆ.

ಮಂಗಳೂರಿಗೆ ಈ ವಿಷಯದಲ್ಲಿ ಇರುವ ಸಂಪತ್ತು ಬೇರೆ ಬಂದರುಗಳಿಗೆ ಅಪರೂಪ. 1834ರಲ್ಲಿ ಇಲ್ಲಿ ಇಳಿದ ಬಾಸೆಲ್ ಮಿಶನ್ನಿನವರು ಬಂದ ಉದ್ದೇಶ ಬೇರೆಯಾಗಿದ್ದರೂ, ಮಾಡಿದ ಭಾಷಾಸೇವೆ ದೊಡ್ಡದು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೊಗ್ಲಿಂಗನು 1843ರ ಜುಲೈ 1ರಂದು ಹೊರಡಿಸಿದ್ದು ಇಲ್ಲಿಂದ. ಮೆನ್ನರನ ತುಳು ನಿಘಂಟು 1886ರಲ್ಲಿ ಅಚ್ಚಾದದ್ದು ಇಲ್ಲಿ. 1853ರಲ್ಲಿ ಭಾರತಕ್ಕೆ ಬಂದು, ನಮ್ಮ ಧಾರವಾಡದಲ್ಲಿಯೂ ಇದ್ದು ಕನ್ನಡ ಕಲಿತ ಕಿಟ್ಟೆಲನ ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಬೆಳಕು ಕಂಡದ್ದೂ ಇಲ್ಲಿಯೇ. ಆ ಕಾಲದ ಮುದ್ರಣಗಳನ್ನೂ ಹಸ್ತಪ್ರತಿಗಳನ್ನೂ ಬಲ್ಮಠದ ದೈವಜ್ಞಾನ ಕಾಲೇಜಿನಲ್ಲಿ ಕಾಪಾಡಿದ್ದಾರೆ. ಹಡಗಿನಿಂದ ಇಳಿಯುವವರಲ್ಲಿ ಜರ್ಮನರಿರುತ್ತಾರೆ. ತಮ್ಮವನೊಬ್ಬನು ಆಯುಷ್ಯವನ್ನೇ ತೇದು ಕೂಡಿಸಿದ ಈ ಗ್ರಂಥವನ್ನು ಅವರಿಗೆ ಒಮ್ಮೆ ತೆರೆದು ತೋರಿಸಿದರೆ ಅದಕ್ಕಿಂತ ಉತ್ತಮವಾದ ಸ್ವಾಗತ ಯಾವುದು? ಮೂಡುಬಿದಿರೆಯಲ್ಲಿಯೂ ಅಷ್ಟೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಪ್ರಾಕೃತ ಸಿದ್ಧಾಂತ ಗ್ರಂಥಗಳು ಲೋಕಕ್ಕೆ ಉಳಿದು ಬಂದದ್ದು ಅಲ್ಲಿಯ ಬಸದಿಯ ತಾಳೆಗರಿಗಳಲ್ಲಿ, ಹಳಗನ್ನಡ ಲಿಪಿಯಲ್ಲಿ. ಕಂಬಗಳನ್ನು ಎಣಿಸುವವರಿಗೆ ಇದನ್ನು ಹೇಳಲು ಎರಡು ನಿಮಿಷ ಸಾಕು.

ಅತಿಥಿಯ ಕೈಯಲ್ಲಿರುವ ಗೇರುಬೀಜದ ಪೊಟ್ಟಣಕ್ಕೂ ಒಂದು ಕಥೆಯಿದೆ. ಈ ಮರ ಬ್ರೆಜಿಲಿನದು. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಗೇರು ಎಂಬುದಾದರೋ ಅದಕ್ಕೂ ಮೊದಲೇ ನಮ್ಮ ಕಾಡಿನಲ್ಲಿದ್ದ, ಅಗಸರು ಬಟ್ಟೆಗೆ ಗುರುತು ಹಾಕುವ ಕಾಯಿಯ ಮರದ ಹೆಸರು. ಕಡಲಾಚೆಯಿಂದ ಬಂದ ಮರಕ್ಕೆ ಮನೆಯ ಹೆಸರನ್ನಿಟ್ಟು ಮನೆಯದನ್ನಾಗಿಯೇ ಮಾಡಿಕೊಂಡೆವು. ಹಾಗೆಯೇ ಗೋವೆಯ ಬಂದರಿನಲ್ಲಿ ಇಳಿದು ಮರಾಠಿಯ ದಾರಿ ಹಿಡಿದು ನಮ್ಮ ಧಾರವಾಡಕ್ಕೆ ಬಂದ ಪೋರ್ಚುಗೀಸ್ ಶಬ್ದಗಳಿವೆ. ಅಡಿಗೆಮನೆಯ ಬಟಾಟಿ, ಬೀಗದ ಚಾವಿ, ಕೊನೆಗೆ ತಿಂಗಳ ಮೊದಲ ದಿನ ನಾನು ಕಾಯುವ ಪಗಾರ, ಎಲ್ಲವೂ ಹಡಗಿನಿಂದ ಇಳಿದು ಮರಳಿ ಹತ್ತದೆ ಇಲ್ಲಿಯೇ ನಿಂತವು. ಇಂಥದ್ದನ್ನು ಕೇಳಿದ ಪ್ರಯಾಣಿಕನಿಗೆ ತಾನು ತೀರ ಅಪರಿಚಿತರ ಮನೆಗೆ ಬಂದಿಲ್ಲವೆನ್ನಿಸದಿರದು.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಬಂದವರು ವಿಶ್ರಾಂತಿಗಾಗಿ ಬಂದವರು, ಹೆಚ್ಚಿನವರು ವಯಸ್ಸಾದವರು, ಬಿಸಿಲಿನಲ್ಲಿ ಬಳಲಿದವರಿಗೆ ಉಪನ್ಯಾಸ ಕೊಡಬೇಕೇ ಎಂದು ಕೇಳಬಹುದು. ಬೇಡ, ಉಪನ್ಯಾಸಗಳಿಂದ ಆಗುವ ಬಳಲಿಕೆ ನಮ್ಮ ತರಗತಿಗಳಿಗೇ ಸಾಕು. ಆದರೆ ವರ್ಷ, ಎತ್ತರ, ಸಂಖ್ಯೆಗಳನ್ನು ಒಪ್ಪಿಸುವುದೂ ಉಪನ್ಯಾಸವೇ, ಅದೂ ನೀರಸವಾದದ್ದು. ಅದರ ಬದಲು ಒಂದು ಕಥೆಯನ್ನು ಹೇಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಮಂಗಳೂರಿನ ಬೀದಿಯ ಮಾತು ತುಳು, ಕೊಂಕಣಿ, ಬ್ಯಾರಿ, ಘಟ್ಟದ ಮೇಲಿನ ಕನ್ನಡ ಅಧ್ಯಾಪಕನು ಅಲ್ಲಿ ಕನ್ನಡವೊಂದನ್ನೇ ಮೆರೆಸಹೊರಟಿದ್ದಾನೆಯೇ? ಖಂಡಿತ ಅಲ್ಲ. ಒಂದೇ ಓಣಿಯಲ್ಲಿ ನಾಲ್ಕು ಭಾಷೆಗಳು ಬಾಳುವುದೇ ಆ ಊರಿನ ದೊಡ್ಡ ಪ್ರೇಕ್ಷಣೀಯ ವಿಷಯ. ಅದನ್ನೇ ಮೊದಲು ತೋರಿಸಬೇಕು.

ಮಾಡಬೇಕಾದದ್ದು ಅಲ್ಪವೆಚ್ಚದ ಕೆಲಸ. ಕನ್ನಡ, ತುಳು, ಇತಿಹಾಸಗಳಲ್ಲಿ ಪದವಿ ಪಡೆದು ಉದ್ಯೋಗವಿಲ್ಲದೆ ಅಲೆಯುವ ತರುಣ ತರುಣಿಯರಲ್ಲಿ ಕೆಲವರನ್ನು ಆರಿಸಿ, ಶಾಸನ ಓದುವುದನ್ನೂ ವಿದೇಶೀ ಭಾಷೆಯೊಂದನ್ನೂ ಕಲಿಸಿ ದುಭಾಷಿಗಳನ್ನಾಗಿ ಮಾಡಬೇಕು. ದುಭಾಷಿಯ ವೃತ್ತಿ ಬಂದರಿನಷ್ಟೇ ಪುರಾತನವಾದದ್ದು. ಬಂದರಿನ ಕಟ್ಟಡದಲ್ಲಿ ಒಂದು ಮೇಜನ್ನಿಟ್ಟು, ಬಯಸಿದವರ ಹೆಸರನ್ನು ತಾಳೆಗರಿಯ ಮೇಲೆ ನಮ್ಮ ಲಿಪಿಯಲ್ಲಿ ಬರೆದುಕೊಡಬೇಕು. ಯಕ್ಷಗಾನದ ವೇಷಕ್ಕೆ ಐದು ನಿಮಿಷ ಮಾತಾಡಲು ಬಿಡಬೇಕು, ಪಕ್ಕದಲ್ಲೊಬ್ಬರು ಅದನ್ನು ಅನುವಾದಿಸಬೇಕು.

ಇದರಿಂದ ಲಾಭ ಪರದೇಶದವರಿಗಿಂತ ನಮಗೇ ಹೆಚ್ಚು. ಪಾಠ ಹೇಳಹೊರಟವನೇ ಮೊದಲು ಪಾಠವನ್ನು ಕಲಿಯುತ್ತಾನೆಂಬುದು ಈ ವೃತ್ತಿಯಲ್ಲಿರುವವರೆಲ್ಲರ ಅನುಭವ. ಬೊಮ್ಮನ ಹೆಸರನ್ನು ಕೇಳದ ಪದವೀಧರರು ನಮ್ಮಲ್ಲಿ ಸಾವಿರಾರು ಜನರಿದ್ದಾರೆ. ಅವನ ಕಥೆಯನ್ನು ಅತಿಥಿಗೆ ಹೇಳಬೇಕಾಗಿ ಬಂದ ದಿನ ಅವರೂ ಓದಿಕೊಳ್ಳುತ್ತಾರೆ. ಹಡಗು ಸಂಜೆಗೆ ಹೊರಟುಹೋಗುತ್ತದೆ. ಕಲಿತದ್ದು ಇಲ್ಲಿ ಉಳಿಯುತ್ತದೆ.