ಕೇವಲ 'ಸ್ಟ್ರಾಂಗ್' ಎಂದರೆ ಸಾಲದು: ಬಿಯರಿನ ಬಗೆಗಳು ಸಣ್ಣ ತಯಾರಕರಿಗೆ ಕಲಿಸುವ ಪಾಠ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಚೀಲ ಬಿಚ್ಚಿದ ಖರೀದಿದಾರನು ಮೊದಲು ವಿಚಾರಿಸುವುದು ಖಾರವನ್ನಲ್ಲ. ಬಣ್ಣ ಹೇಗಿದೆ, ಒಣಗು ಸಾಕಾಗಿದೆಯೇ, ಡಬ್ಬಿಯೋ ಕಡ್ಡಿಯೋ ಎಂದು ನೋಡಿದ ನಂತರವೇ ದರದ ಮಾತು. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಭೇದವಿಲ್ಲದೆ ವ್ಯವಹಾರವೇ ನಡೆಯದು. ಒಂದೇ ಸರಕಿನೊಳಗಿನ ಬಗೆಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಹೆಸರಿಟ್ಟು, ಆ ಹೆಸರಿಗೆ ತಕ್ಕ ಬೆಲೆ ಕಟ್ಟುವುದು ವ್ಯಾಪಾರದ ಮೂಲ ವಿದ್ಯೆ. ಆದರೆ ಇದೇ ವ್ಯಾಪಾರಿಯು ಸಂಜೆ ಸ್ನೇಹಿತರೊಡನೆ ಕುಳಿತು ಬಿಯರ್ ತರಿಸುವಾಗ ಕೇಳಿಬರುವ ಪ್ರಶ್ನೆ ಒಂದೇ: 'ಸ್ಟ್ರಾಂಗೋ, ಮೈಲ್ಡೋ?'

ಇದು ಕೇವಲ ಪಾನಪ್ರಿಯರ ಅಭಿರುಚಿಯ ವಿಷಯವೆಂದು ತಳ್ಳಿಹಾಕುವಂತಿಲ್ಲ. ಸರಕನ್ನು ಒಂದೇ ಅಳತೆಗೋಲಿನಿಂದ ಅಳೆಯುವ ಮಾರುಕಟ್ಟೆಯಲ್ಲಿ ಗೆಲ್ಲುವವನು ಆ ಅಳತೆಯನ್ನು ಅತಿ ಕಡಿಮೆ ಖರ್ಚಿನಲ್ಲಿ ಒದಗಿಸಬಲ್ಲ ದೊಡ್ಡ ತಯಾರಕ. ಸಣ್ಣ ತಯಾರಕನಿಗೆ ಉಳಿಯುವ ಬಂಡವಾಳವೆಂದರೆ ಭಿನ್ನತೆ. ಗಿರಾಕಿಗೆ ಆ ಭಿನ್ನತೆಯನ್ನು ಗುರುತಿಸುವ ಭಾಷೆಯೇ ಇಲ್ಲದಿದ್ದರೆ ಆ ಬಂಡವಾಳವೂ ವ್ಯರ್ಥ. ಬಿಯರಿನ ಉದಾಹರಣೆ ಈ ಸತ್ಯವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆದುದರಿಂದ ಬಿಯರ್ ಮುಟ್ಟದವರೂ ಇದನ್ನು ಅರಿಯುವುದು ಲಾಭದಾಯಕ.

ಎರಡು ಯೀಸ್ಟ್, ಹಲವು ಬಗೆ

ಬಿಯರಿಗೆ ಬೇಕಾದ ವಸ್ತುಗಳು ನಾಲ್ಕು: ನೀರು, ಮಾಲ್ಟ್, ಹಾಪ್ಸ್ ಮತ್ತು ಯೀಸ್ಟ್. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಸಾಮಾನ್ಯವಾಗಿ ಬಾರ್ಲಿ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸುವ ಕ್ರಮ ಬಲ್ಲ ಗೃಹಿಣಿಗೆ ಈ ವಿಧಾನ ಹೊಸದಲ್ಲ. ಹಾಪ್ಸ್ ಎಂಬುದು ಒಂದು ಬಳ್ಳಿಯ ಹೂ. ಕಹಿಯನ್ನೂ ಪರಿಮಳವನ್ನೂ ನೀಡುವುದಲ್ಲದೆ ಬೇಗ ಕೆಡದಂತೆಯೂ ಕಾಪಾಡುತ್ತದೆ.

ಬಗೆಗಳ ಮೂಲಭೇದ ಇರುವುದು ಯೀಸ್ಟಿನಲ್ಲಿ. ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚುರುಕಾಗಿ ಹುದುಗುವ ಯೀಸ್ಟಿನಿಂದ 'ಏಲ್' ವರ್ಗವೂ, 8ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗುವ ಯೀಸ್ಟಿನಿಂದ 'ಲಾಗರ್' ವರ್ಗವೂ ಹುಟ್ಟುತ್ತವೆ. ಏಲ್‌ಗಳಲ್ಲಿ ಹಣ್ಣಿನ ಛಾಯೆ ಹೆಚ್ಚು. ಲಾಗರ್ ಸ್ವಚ್ಛ, ಸರಳ. ಭಾರತದ ಅಂಗಡಿಗಳಲ್ಲಿ ಮಾರಾಟವಾಗುವ ಬಿಯರಿನ ಬಹುಪಾಲು ಲಾಗರ್ ಎಂಬ ಒಂದೇ ಮನೆಗೆ ಸೇರಿದ್ದು.

ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು ಮತ್ತು ಲವಂಗದ ವಾಸನೆ ಬರುತ್ತದೆ. ಬಾಳೆಯನ್ನಾಗಲಿ ಲವಂಗವನ್ನಾಗಲಿ ಅದಕ್ಕೆ ಹಾಕಿರುವುದಿಲ್ಲ, ಅದು ಯೀಸ್ಟಿನ ಕೆಲಸ. ಬೆಲ್ಜಿಯಂನ ಗೋಧಿ ಬಿಯರಿಗಾದರೋ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ಹಾಕಿಯೇ ಕುದಿಸುತ್ತಾರೆ. ಹುರಿದ ಬಾರ್ಲಿಯಿಂದ ಕಪ್ಪಾದ 'ಸ್ಟೌಟ್' ಕಾಫಿಯನ್ನು ನೆನಪಿಸುತ್ತದೆ. ಬಣ್ಣ ಕಪ್ಪಾದಷ್ಟೂ ಅಮಲು ಹೆಚ್ಚೆಂಬ ಸಾಮಾನ್ಯ ನಂಬಿಕೆ ತಪ್ಪು. ಡಬ್ಲಿನ್ ನಗರದ ಪ್ರಸಿದ್ಧ ಗಿನ್ನೆಸ್ ಡ್ರಾಟ್ ಸ್ಟೌಟಿನಲ್ಲಿ ಮದ್ಯಸಾರ ಶೇ. 4.2ರ ಆಸುಪಾಸು, ಹೊಂಬಣ್ಣದ ದೇಶೀ 'ಸ್ಟ್ರಾಂಗ್' ಬಿಯರಿನಲ್ಲಿ ಅದು ಶೇ. 8ರವರೆಗೂ ಇರಬಹುದು. ಬಣ್ಣ, ಕಹಿ, ಅಮಲು ಇವು ಮೂರೂ ಬೇರೆ ಬೇರೆ ಖಾತೆಗಳು. ಒಂದರ ಶಿಲ್ಕನ್ನು ಇನ್ನೊಂದಕ್ಕೆ ವರ್ಗಾಯಿಸಲಾಗದು.

ಉದ್ದರಿ ಕಟ್ಟಿದ ಮಾರುಕಟ್ಟೆ, ಕೈತಪ್ಪಿದ ಹೆಸರು

ಈ ಬಗೆಗಳ ಇತಿಹಾಸ ವ್ಯಾಪಾರದ ಇತಿಹಾಸವೇ ಆಗಿದೆ. 'ಇಂಡಿಯಾ ಪೇಲ್ ಏಲ್' ಎಂಬ ಹೆಸರಿನಲ್ಲಿರುವ ಇಂಡಿಯಾ ಇದೇ ದೇಶ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಕಾರ್ಖಾನೆಯು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ತಾಣಕ್ಕೆ ಸಮೀಪದಲ್ಲಿತ್ತು. ಹಡಗಿನ ಕಪ್ತಾನರು ಸ್ವಂತ ಲೆಕ್ಕದಲ್ಲಿ ಸರಕು ಕೊಂಡೊಯ್ದು ಭಾರತದಲ್ಲಿ ಮಾರುತ್ತಿದ್ದರು. ಅವರಿಗೆ ಹಾಡ್ಜ್‌ಸನ್ ಹದಿನೆಂಟು ತಿಂಗಳವರೆಗೂ ಉದ್ದರಿ ಕೊಡುತ್ತಿದ್ದನು. ಆ ಬಿಯರ್ ಭಾರತದ ಮಾರುಕಟ್ಟೆಯನ್ನು ಹಿಡಿದುದರಲ್ಲಿ ರುಚಿಯಷ್ಟೇ ಪಾತ್ರ ಉದ್ದರಿಗೂ ಇತ್ತು. 1820ರ ದಶಕದ ಆರಂಭದಲ್ಲಿ ಸಂಸ್ಥೆಯ ನಂತರದ ಒಡೆಯರು ಉದ್ದರಿಯನ್ನು ನಿಲ್ಲಿಸಿ, ಬೆಲೆ ಏರಿಸಿ, ತಾವೇ ಹಡಗಿನಲ್ಲಿ ಸರಕು ಕಳುಹಿಸಿ ಮಧ್ಯವರ್ತಿಯ ಲಾಭವನ್ನೂ ಸೇರಿಸಿಕೊಳ್ಳಲು ಹೊರಟರು. ಮುನಿದ ವರ್ತಕರ ಮುಂದೆ ಬರ್ಟನ್ ಪಟ್ಟಣದ ಆಲ್ಸಾಪ್ ಮತ್ತು ಬಾಸ್ ಸಂಸ್ಥೆಗಳು ನಿಂತವು. ಬರ್ಟನ್ನಿನ ಜಿಪ್ಸಂಯುಕ್ತ ನೀರು ಹಾಪ್ಸಿನ ಕಹಿಯನ್ನು ಇನ್ನಷ್ಟು ಹರಿತಗೊಳಿಸುತ್ತಿತ್ತು. 1830ರ ದಶಕದೊಳಗೆ ಹಾಡ್ಜ್‌ಸನ್ನನ ಮೇಲುಗೈ ಮುರಿಯಿತು. ವಿತರಕನನ್ನು ಕಡೆಗಣಿಸಿದ ತಯಾರಕನಿಗೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಎರಡನೆಯದು ಹೆಸರಿನ ಕಥೆ. ಬೊಹೆಮಿಯಾದ ಪಿಲ್ಸೆನ್ ಪಟ್ಟಣದಲ್ಲಿ 1842ರಲ್ಲಿ ಬವೇರಿಯಾದ ಜೋಸೆಫ್ ಗ್ರೋಲ್ ಎಂಬ ಕುಶಲಕರ್ಮಿಯು ಮೃದು ನೀರು, ತಿಳಿ ಬಣ್ಣದ ಮಾಲ್ಟ್ ಹಾಗೂ ಸ್ಥಳೀಯ ಹಾಪ್ಸ್ ಬಳಸಿ ಹೊಂಬಣ್ಣದ ಲಾಗರ್ ತಯಾರಿಸಿದನು. ಅದರ ಕೀರ್ತಿ ಹಬ್ಬಿದಂತೆ ಎಲ್ಲೆಲ್ಲೂ ತಯಾರಾದ ತಿಳಿ ಲಾಗರಿಗೆ 'ಪಿಲ್ಸ್‌ನರ್' ಎಂಬ ಹೆಸರು ಅಂಟಿತು. ಮೂಲ ಕಾರ್ಖಾನೆಯು 1898ರಲ್ಲಿ 'ಪಿಲ್ಸ್‌ನರ್ ಉರ್ಕ್ವೆಲ್', ಅಂದರೆ 'ಮೂಲ ಸೆಲೆ', ಎಂಬ ಹೊಸ ಹೆಸರನ್ನು ನೋಂದಾಯಿಸುವ ವೇಳೆಗೆ ಊರಿನ ಹೆಸರು ಜಗತ್ತಿನ ಪಾಲಾಗಿತ್ತು. ಇದಕ್ಕೆ ಪ್ರತಿಯಾಗಿ ಜರ್ಮನಿಯ ಕಲೋನ್ ನಗರದ ತಯಾರಕರು 1986ರಲ್ಲಿ ಪರಸ್ಪರ ಒಪ್ಪಂದ ಮಾಡಿಕೊಂಡು, 'ಕೋಲ್ಶ್' ಎಂಬ ತಮ್ಮ ಬಗೆಯ ಲಕ್ಷಣಗಳನ್ನೂ ಅದನ್ನು ತಯಾರಿಸಬಹುದಾದ ಪ್ರದೇಶವನ್ನೂ ಬರಹದಲ್ಲಿ ನಿಗದಿಪಡಿಸಿದರು. ಮುಂದೆ ಐರೋಪ್ಯ ಒಕ್ಕೂಟದಲ್ಲಿಯೂ ಆ ಹೆಸರಿಗೆ ಭೌಗೋಳಿಕ ರಕ್ಷಣೆ ದೊರೆಯಿತು. ಪರಸ್ಪರ ಸ್ಪರ್ಧಿಗಳಾದ ಒಂದೇ ಊರಿನವರು ಹೆಸರಿಗಾಗಿ ಒಗ್ಗೂಡಿದುದು ಇಲ್ಲಿಯ ವಿಶೇಷ. ಭಾರತದಲ್ಲಿ ಭೌಗೋಳಿಕ ಸೂಚಕಗಳ ಕಾಯಿದೆ 1999ರಲ್ಲಿ ಅಂಗೀಕೃತವಾಗಿ 2003ರಿಂದ ಜಾರಿಯಲ್ಲಿದೆ. ಹೆಸರಿನ ಹಿಂದಿರುವ ಗುಣವನ್ನು ಬರೆದಿಟ್ಟು ಕಾಯದಿದ್ದರೆ ನೋಂದಣಿಯ ಪ್ರಮಾಣಪತ್ರ ಗೋಡೆಯ ಅಲಂಕಾರವಾಗಿಯೇ ಉಳಿಯುತ್ತದೆ.

ಟ್ಯಾಂಕಿನ ಲೆಕ್ಕ

ಬೆಂಗಳೂರಿನಲ್ಲಿ 2010ರ ಸುಮಾರಿನಿಂದ ತಲೆಯೆತ್ತಿದ ಕಿರು ಬಿಯರ್ ಘಟಕಗಳು ಈ ಬಗೆಗಳನ್ನು ನಗರದ ಗಿರಾಕಿಗೆ ಪರಿಚಯಿಸಿವೆ. ಗೋಧಿ ಬಿಯರ್ ಹಾಗೂ ಏಲ್‌ಗಳು ಅಲ್ಲಿ ಎದ್ದು ಕಾಣುವುದಕ್ಕೆ ರುಚಿಯ ಜೊತೆಗೆ ಲೆಕ್ಕಪತ್ರದ ಕಾರಣವೂ ಇದೆ. ಏಲ್ ಸಾಮಾನ್ಯವಾಗಿ ಎರಡು ವಾರಗಳಲ್ಲಿ ಸಿದ್ಧವಾಗುತ್ತದೆ. ನಿಜವಾದ ಲಾಗರಿಗೆ ಹುದುಗಿದ ನಂತರವೂ ವಾರಗಟ್ಟಲೆ ತಂಪಿನ ವಿಶ್ರಾಂತಿ ಬೇಕು. ಒಟ್ಟು ಆರು ವಾರ ಎಂದಿಟ್ಟುಕೊಳ್ಳಬಹುದು. 1,000 ಲೀಟರಿನ ಒಂದು ಟ್ಯಾಂಕಿನಿಂದ ವರ್ಷಕ್ಕೆ 26 ಬಾರಿ ಏಲ್ ಇಳಿಸಿದರೆ 26,000 ಲೀಟರ್. ಲಾಗರ್ ಆದರೆ ಎಂಟೂವರೆ ಬಾರಿಯಂತೆ ಸುಮಾರು 8,500 ಲೀಟರ್. ಟ್ಯಾಂಕಿನ ಬೆಲೆ, ಸಾಲದ ಬಡ್ಡಿ, ಅಂಗಡಿಯ ಬಾಡಿಗೆ ಎರಡಕ್ಕೂ ಒಂದೇ. ಹೀಗಿರುವಾಗ ಲೋಟವೊಂದಕ್ಕೆ ಎರಡಕ್ಕೂ ಒಂದೇ ಬೆಲೆ ನಮೂದಿಸಿದ ಘಟಕ ತನ್ನ ಲಾಗರನ್ನು ಏಲ್‌ನ ಲಾಭದಿಂದ ಸಾಕುತ್ತಿರುತ್ತದೆ. ಉಪ್ಪಿನಕಾಯಿಯಿಂದ ಹಿಡಿದು ಹದಗೊಳಿಸಿದ ಮರದವರೆಗೆ, ಕಾಯುವ ಸಮಯ ಬೇಡುವ ಪ್ರತಿಯೊಂದು ಸರಕಿಗೂ ಈ ಲೆಕ್ಕ ಅನ್ವಯಿಸುತ್ತದೆ. ಸಮಯಕ್ಕೆ ಬೆಲೆ ಕಟ್ಟದವನ ನಷ್ಟ ಕಚ್ಚಾವಸ್ತುವಿನ ಖಾತೆಯಲ್ಲಿ ಕಾಣಿಸುವುದಿಲ್ಲ.

ರುಚಿ ನೋಡುವ ಕ್ರಮ

ಬಗೆಗಳನ್ನು ತಿಳಿಯಲು ಪಾಂಡಿತ್ಯ ಬೇಡ. ನಾಲ್ಕೈದು ಸ್ನೇಹಿತರು, ನಾಲ್ಕು ಬಗೆಯ ಬಿಯರ್, ಸೋಪಿನ ಅಂಶ ಉಳಿಯದಂತೆ ತೊಳೆದ ಗಾಜಿನ ಲೋಟಗಳು, ಕುಡಿಯುವ ನೀರು, ನಾಲಗೆ ತಿಳಿಯಾಗಿಸಲು ಒಗ್ಗರಣೆಯಿಲ್ಲದ ಮಂಡಕ್ಕಿ, ಇಷ್ಟು ಸಾಕು. ಒಬ್ಬೊಬ್ಬರಿಗೆ ಒಂದು ಬಗೆಯಲ್ಲಿ 60ರಿಂದ 100 ಮಿಲಿಲೀಟರ್ ಮೀರಬೇಕಾಗಿಲ್ಲ. ಹಗುರವಾದದ್ದರಿಂದ ಆರಂಭಿಸಿ ಹೆಚ್ಚು ಕಹಿಯಾದದ್ದು, ಹೆಚ್ಚು ಹುರಿದದ್ದು ಕೊನೆಗೆ ಬರಬೇಕು. ಮಂಜುಗಡ್ಡೆಯಷ್ಟು ತಣ್ಣಗಿದ್ದರೆ ರುಚಿ ಮರೆಯಾಗುತ್ತದೆ; ಲಾಗರಿಗೆ 5ರಿಂದ 7 ಡಿಗ್ರಿ, ಏಲ್‌ಗೆ ಇನ್ನೂ ನಾಲ್ಕೈದು ಡಿಗ್ರಿ ಹೆಚ್ಚು ಸೂಕ್ತ. ಮೊದಲು ಬಣ್ಣ ಮತ್ತು ನೊರೆ, ಆಮೇಲೆ ವಾಸನೆ, ಆಮೇಲೆ ಗುಟುಕು, ಕೊನೆಗೆ ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿ. ಇವಿಷ್ಟನ್ನೂ ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳುವುದು ಉತ್ತಮ.

ದೋಷಗಳ ಪರಿಚಯ ಇನ್ನೂ ಮುಖ್ಯ. ಒದ್ದೆ ರಟ್ಟಿನ ವಾಸನೆ ಬಂದರೆ ಸರಕು ಹಳತಾಗಿದೆ ಅಥವಾ ಬಿಸಿಯಲ್ಲಿ ದಾಸ್ತಾನಾಗಿತ್ತು ಎಂದರ್ಥ. ಬಿಸಿಲು ತಾಗಿದರೆ ಹಾಪ್ಸಿನ ಅಂಶಗಳು ಮಾರ್ಪಟ್ಟು ದುರ್ವಾಸನೆ ಹುಟ್ಟುತ್ತದೆ. ಕಂದು ಬಣ್ಣದ ಬಾಟಲಿಯ ಉಪಯೋಗ ಇದನ್ನು ತಡೆಯುವುದೇ. ತಗಡಿನ ಮಾಡಿನ ಗೋದಾಮಿನಲ್ಲಿ ಬೇಸಿಗೆ ಕಳೆದ ಬಿಯರಿನ ತಪ್ಪು ತಯಾರಕನ ತಲೆಗೆ ಬರುತ್ತದೆ, ಆದರೆ ತಪ್ಪು ಮಾಡಿದವನು ವಿತರಕ.

ಗಿನ್ನೆಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಲೇಖನವು, ಸಣ್ಣ ಮಾದರಿಯಿಂದ ಭರವಸೆಯ ತೀರ್ಮಾನಕ್ಕೆ ಬರುವ ಸಂಖ್ಯಾಶಾಸ್ತ್ರದ ವಿಧಾನಕ್ಕೆ ಬುನಾದಿಯಾಯಿತು. ಬಿಯರ್ ಉದ್ಯಮದಲ್ಲಿ ರೂಢಿಯಲ್ಲಿರುವ ಇನ್ನೊಂದು ವಿಧಾನ ಮೂರು ಲೋಟಗಳ ಪರೀಕ್ಷೆ. ಮೂರರಲ್ಲಿ ಎರಡು ಒಂದೇ ಸರಕು, ಒಂದು ಬೇರೆ. ಹೆಸರು ಮರೆಮಾಡಿ ಬೇರೆಯದನ್ನು ಗುರುತಿಸಲು ಹೇಳುವುದು. ಕೇವಲ ಊಹೆಯಿಂದ ಮೂವರಲ್ಲೊಬ್ಬನು ಸರಿ ಹೇಳಬಹುದು. ಅದಕ್ಕಿಂತ ಗಣನೀಯವಾಗಿ ಹೆಚ್ಚು ಮಂದಿ ಗುರುತಿಸಿದರೆ ವ್ಯತ್ಯಾಸ ನಿಜ. ಸಾಂಬಾರು ಪುಡಿಯ ತಯಾರಕನು ಕೊತ್ತಂಬರಿಯ ಪೂರೈಕೆದಾರನನ್ನು ಬದಲಿಸುವ ಮುನ್ನ ಈ ಪರೀಕ್ಷೆಯನ್ನು ನಡೆಸಿದರೆ, ತಗಲುವ ಖರ್ಚು ಕೇವಲ ಅರ್ಧ ಗಂಟೆ.

ನೀತಿಯಲ್ಲಿ ಆಗಬೇಕಾದುದು

2018ರ ಆಹಾರ ಸುರಕ್ಷತಾ ನಿಯಮಾವಳಿಯು ಮದ್ಯಸಾರ ಶೇ. 5ರವರೆಗಿದ್ದರೆ ಮೈಲ್ಡ್, ಅದನ್ನು ಮೀರಿ ಶೇ. 8ರವರೆಗಿದ್ದರೆ ಸ್ಟ್ರಾಂಗ್ ಎಂದು ಬಿಯರನ್ನು ವಿಂಗಡಿಸುತ್ತದೆ. ಆರೋಗ್ಯದ ದೃಷ್ಟಿಯಿಂದ ಈ ವಿಂಗಡಣೆ ಅವಶ್ಯಕವೇ. ಆದರೆ ಗಿರಾಕಿಯ ಕಣ್ಣಿಗೆ ಬೀಳುವ ಏಕೈಕ ದೊಡ್ಡ ಪದ ಅದೇ ಆದಾಗ, ಅವನು ರೂಪಾಯಿಗೆ ಎಷ್ಟು ಅಮಲು ಎಂಬ ಲೆಕ್ಕಕ್ಕಿಳಿಯುವುದು ಸಹಜ. ಬಿಯರಿನ ಬಗೆ ಹಾಗೂ ತಯಾರಾದ ದಿನಾಂಕವನ್ನು ಸ್ಪಷ್ಟ ಅಕ್ಷರಗಳಲ್ಲಿ ಮುದ್ರಿಸುವುದನ್ನು ತಯಾರಕರು ಕಾನೂನಿಗೆ ಕಾಯದೆ ತಾವೇ ರೂಢಿಗೆ ತರಬೇಕು.

ತೆರಿಗೆಯ ತೊಡಕೂ ಉಂಟು. 2016ರ ಸಂವಿಧಾನ ತಿದ್ದುಪಡಿಯು ಮಾನವ ಸೇವನೆಯ ಮದ್ಯವನ್ನು ಜಿ.ಎಸ್.ಟಿ.ಯ ಹೊರಗಿಟ್ಟಿದೆ, ಅದರ ತೆರಿಗೆ ರಾಜ್ಯಗಳ ಅಧಿಕಾರ. ಪರಿಣಾಮವಾಗಿ ಬಿಯರ್ ತಯಾರಕನು ಮಾಲ್ಟ್, ಯಂತ್ರ, ಬಾಟಲಿಗಳ ಮೇಲೆ ತೆತ್ತ ಜಿ.ಎಸ್.ಟಿ.ಗೆ ಬಿಯರಿನ ಮಾರಾಟದ ಎದುರು ಹೂಡುವಳಿ ತೆರಿಗೆ ಜಮೆ ಪಡೆಯಲಾರನು. ಆ ಮೊತ್ತವೆಲ್ಲವೂ ಸರಕಿನ ವೆಚ್ಚಕ್ಕೆ ಸೇರುತ್ತದೆ. ದುಬಾರಿ ಮಾಲ್ಟನ್ನು ಹೆಚ್ಚು ಬಳಸುವ, ಕಡಿಮೆ ಪ್ರಮಾಣದಲ್ಲಿ ತಯಾರಿಸುವ ಸಣ್ಣ ಘಟಕಕ್ಕೆ ಪ್ರತಿ ಲೀಟರಿನ ಹೊರೆ ಹೆಚ್ಚು. ರಾಜ್ಯಗಳು ಕಿರು ಘಟಕಗಳ ಶುಲ್ಕವನ್ನು ನಿಗದಿಪಡಿಸುವಾಗ ಈ ಗುಪ್ತ ವೆಚ್ಚವನ್ನೂ ಪರಿಗಣಿಸುವುದು ನ್ಯಾಯ.

ಮದ್ಯದ ಪರವಾಗಿ ಇಷ್ಟೊಂದು ವಾದವೇಕೆ ಎಂಬ ಆಕ್ಷೇಪ ನಿರೀಕ್ಷಿತವೇ. ಪಾನನಿರೋಧದತ್ತ ಸಾಗಬೇಕೆಂದು ಸಂವಿಧಾನದ 47ನೆಯ ವಿಧಿಯೇ ರಾಜ್ಯಕ್ಕೆ ನಿರ್ದೇಶಿಸುತ್ತದೆ. ಕುಡಿತದಿಂದ ಮನೆಗಳು ಹಾಳಾದುದೂ ಕಣ್ಣೆದುರಿನ ಸತ್ಯ. ಕುಡಿಯದವನು ಕುಡಿಯಲು ಕಲಿಯಬೇಕೆಂಬುದು ಇಲ್ಲಿನ ವಾದವಲ್ಲ; ಕುಡಿದವನು ವಾಹನ ಮುಟ್ಟಬಾರದೆಂಬುದರಲ್ಲಿ ವಾದಕ್ಕೇ ಎಡೆಯಿಲ್ಲ. ಆದರೆ ಕುಡಿಯುವವನನ್ನು ಅಮಲಿನ ಅಳತೆಯಿಂದ ರುಚಿಯ ಅಳತೆಗೆ ತರಬಹುದಾದರೆ ಅವನು ಕಡಿಮೆ ಕುಡಿದು, ಕುಡಿದುದಕ್ಕೆ ತಕ್ಕ ಬೆಲೆ ಕೊಡುವ ಸಂಭವವಿದೆ. ಅದರಿಂದ ಅವನ ಆರೋಗ್ಯಕ್ಕೂ ಸಣ್ಣ ತಯಾರಕನ ಉಳಿವಿಗೂ ಒಳಿತು.

ಗಿರಾಕಿಗೆ ಭೇದ ತಿಳಿಯದೆಂದು ಗೊಣಗುವ ತಯಾರಕನು, ಆ ಭೇದವನ್ನು ತಾನು ಎಂದಾದರೂ ಬಾಯಿಬಿಟ್ಟು ಹೇಳಿದ್ದುಂಟೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಬ್ಯಾಡಗಿಯ ವರ್ತಕನು ಖಾರವಿಲ್ಲದ ಮೆಣಸಿನಕಾಯಿಯನ್ನು ಬಣ್ಣದ ಹೆಸರಿನಲ್ಲಿ ಜಗತ್ತಿಗೆ ಮಾರಬಲ್ಲನು. ಏಕೆಂದರೆ ಅವನ ಸರಕಿಗೆ ಹೆಸರಿದೆ, ಹೆಸರಿಗೆ ಲಕ್ಷಣವಿದೆ, ಲಕ್ಷಣವನ್ನು ಪರೀಕ್ಷಿಸುವ ಕಣ್ಣು ಮಾರುವವನಿಗೂ ಕೊಳ್ಳುವವನಿಗೂ ಇದೆ. ಈ ಮೂರನ್ನೂ ತನ್ನ ಸರಕಿಗೆ ಒದಗಿಸಿಕೊಂಡ ಸಣ್ಣ ಉದ್ಯಮಿಗೆ ದೊಡ್ಡವರ ಬೆಲೆಯುದ್ಧದ ಭಯ ಅಷ್ಟರಮಟ್ಟಿಗೆ ಕಡಿಮೆ.